ಕಕ್ಕೆಕುದ್ರುವಿನ ನೆರೆಕರೆ

ಚಿತ್ರಾ ಅಲ್ಲಿದ್ದ ಒಂದೇ ದೋಣಿಯ ಹುಟ್ಟುಗಳೆರಡನ್ನೂ ಹೊತ್ತು ತಂದು ಬಾವಿಗೆ ಹಾಕಿದಳು. ಒಂದು ನೇರವಾಗಿ ನೀರಿಗೆ ಬಿತ್ತು. ಇನ್ನೊಂದು ಕಟ್ಟೆಗೆ ತಾಗಿ, ಒಳಗಿನ ಕಲ್ಲುಗಳಿಗೆಲ್ಲ ಬಡಿದುಕೊಳ್ಳುತ್ತಾ ದಡಬಡ ಇಳಿಯಿತು. ಅಂಗಳದಲ್ಲಿ ತಗ್ಗಿದ ದನಿಯಲ್ಲಿ ಮಾತಾಡುತ್ತಿದ್ದವರೆಲ್ಲ ಮಾತು ನಿಲ್ಲಿಸಿ ಆ ಕಡೆ ತಿರುಗಿದರು. ಸಾವಿನ ಮನೆಯಲ್ಲಿ ಇಷ್ಟು ದೊಡ್ಡ ಸದ್ದನ್ನು ಯಾರೂ ನಿರೀಕ್ಷಿಸಿರಲಿಲ್ಲ.

"ಈಗ ಹೇಗೆ ಕೊಂಡುಹೋಗ್ತೀರಿ, ನೋಡುವ," ಎಂದು ಅವಳು ಸೋದರಮಾವನಿಗೆ ಹೇಳಿದಳು.

ಸೋದರಮಾವ ಧರ್ಣಪ್ಪ ಮಾವಿನ ಮರದ ನೆರಳಿನಲ್ಲಿ ಕಲ್ಲಿನ ಮೇಲೆ ಕುಳಿತಿದ್ದ. ಎಂಬತ್ತಕ್ಕೆ ಹತ್ತಿರ ಬಂದಿದ್ದರೂ ಬೆನ್ನು ಬಾಗದ, ಇಸ್ತ್ರಿ ಮಾಡಿದ ಪಂಚೆಯ ಗೆರೆ ಮುರಿಯದ ಮನುಷ್ಯ. ಕುಟುಂಬದ ಯಜಮಾನ. ಕೈಯಲ್ಲಿ ವೇಣೂರಿನ ತನ್ನ ಮನೆಯಿಂದಲೇ ತುಂಬಿಸಿ ತಂದ ನೀರಿನ ಬಾಟಲಿ ಇತ್ತು. ಸತ್ತವಳು ಅವನ ತಂಗಿ, ಚಿತ್ರಾಳ ಅಮ್ಮ ಸೇಸಮ್ಮ. ಆ ತಂಗಿಯ ಮನೆಯ ನೀರನ್ನು ಅವನು ಮುಟ್ಟದೆ ಇಪ್ಪತ್ತೈದು ವರ್ಷ ಆಗಿತ್ತು. ಇವತ್ತೂ ಮುಟ್ಟುವ ಅಂದಾಜಿನಲ್ಲಿ ಅವನು ಬಂದಿರಲಿಲ್ಲ.

ಕುದ್ರು ಎಂದರೆ ಹೊಳೆಯ ನಡುವೆ ಎದ್ದು ನಿಂತ ನೆಲ. ನೇತ್ರಾವತಿ ಬಂಟ್ವಾಳ ದಾಟಿ ಅಗಲವಾಗುವ ಕಡೆ ಇರುವ ಈ ಕಕ್ಕೆಕುದ್ರುವಿನಲ್ಲಿ ಈಗ ಉಳಿದಿರುವುದು ಸೇಸಮ್ಮನ ಮನೆಯೊಂದೇ. ಮನೆಗೆ ತಾಗಿಕೊಂಡು ಹಂಚಿನ ಮಾಡಿನ ಮೂರು ಕೋಣೆಗಳಿವೆ. ಹೊರಗಿನವರು ಬಂದು, ಎರಡು ದಿನ ಇದ್ದು, ಮನೆಯವರು ಉಣ್ಣುವುದನ್ನೇ ಉಂಡು, ಹೊಳೆ ನೋಡಿಕೊಂಡು ಹೋಗುವ ಕೋಣೆಗಳು. ಆ ಬೆಳಿಗ್ಗೆಯೂ ಎರಡರಲ್ಲಿ ಜನ ಇದ್ದರು. ಅವರ ಸ್ನಾನಕ್ಕೆಂದು ಸೇಸಮ್ಮ ಬಚ್ಚಲ ಹಂಡೆಗೆ ಬೆಂಕಿ ಹಾಕಿದವಳು ಅಲ್ಲೇ ಗೋಡೆಗೆ ಒರಗಿ ಕುಳಿತಳು, ಮತ್ತೆ ಏಳಲಿಲ್ಲ. ಚಿತ್ರಾ ನೋಡಿದಾಗ ಒಲೆ ಚೆನ್ನಾಗಿ ಹತ್ತಿತ್ತು, ನೀರು ಕುದಿಯುತ್ತಿತ್ತು. ಕೊನೆಗೆ ಆ ನೀರಿನಲ್ಲೇ ಸೇಸಮ್ಮನ ಸ್ನಾನವೂ ಆಯಿತು.

ಧರ್ಣಪ್ಪ ಬರುವಾಗಲೇ ಎಲ್ಲವನ್ನೂ ತೀರ್ಮಾನ ಮಾಡಿಕೊಂಡು ಬಂದಿದ್ದ. ಹೆಣವನ್ನು ದೋಣಿಯಲ್ಲಿ ದಡಕ್ಕೆ ದಾಟಿಸುವುದು. ದಡದಲ್ಲಿ ಆಂಬ್ಯುಲೆನ್ಸ್ ಕಾಯುತ್ತಿತ್ತು. ವೇಣೂರಿನ ಕುಟುಂಬದ ಜಾಗದಲ್ಲಿ ಸುಡುವುದು, ಉತ್ತರಕ್ರಿಯೆಯ ಬೊಜ್ಜವನ್ನೂ ಅಲ್ಲೇ ಮಾಡುವುದು. ಇಲ್ಲಿಗೆ ಬೀಗ. ಚಿತ್ರಾ ಬೇಕಾದರೆ ವೇಣೂರಿಗೆ ಬರಲಿ, ಇಲ್ಲವಾದರೆ ಮೂಡುಬಿದಿರೆಯಲ್ಲಿ ಗ್ಯಾರೇಜು ಇಟ್ಟಿರುವ ತಮ್ಮ ಅಶೋಕನ ಮನೆಯಲ್ಲಿರಲಿ. ಗಂಡನ ಮನೆ ಬಿಟ್ಟು ಬಂದ ಹೆಂಗಸು ನೀರಿನ ಮಧ್ಯೆ ಒಬ್ಬಳೇ ಕುಳಿತು ಊರಿನವರಿಗೆಲ್ಲ ಅನ್ನ ಮಾರುವುದು ಬೇಡ. ಇದಿಷ್ಟನ್ನೂ ಅವನು ದನಿ ಏರಿಸದೆ, ಒಂದೊಂದೇ ಬೆರಳು ಮಡಚುತ್ತಾ ಹೇಳಿದ್ದ. ಅಶೋಕ ತಲೆ ಆಡಿಸಿದ್ದ. ಅಶೋಕ ಮಾವನ ಎದುರು ತಲೆ ಆಡಿಸುವುದನ್ನು ಬಿಟ್ಟು ಬೇರೇನಾದರೂ ಮಾಡಿದ್ದನ್ನು ನೋಡಿದವರು ಆ ಕುಟುಂಬದಲ್ಲಿ ಇರಲಿಲ್ಲ.

ಚಿತ್ರಾಳಿಗೆ ಗೊತ್ತಿತ್ತು. ಅಮ್ಮ ಇಲ್ಲಿಂದ ಹೊರಟರೆ ಅವಳ ಹಿಂದೆಯೇ ಮನೆಯೂ ಹೊರಟ ಹಾಗೆ. ಅಮ್ಮನ ಚಿತೆ ಈ ಮಣ್ಣಿನಲ್ಲೇ ಉರಿದರೆ ಮಾತ್ರ ಈ ಬಾಗಿಲನ್ನು ಮುಚ್ಚು ಎನ್ನುವ ಧೈರ್ಯ ಯಾರಿಗೂ ಬಾರದು. ಅವಳಿಗೆ ಅಳು ಬರುತ್ತಿತ್ತು, ಸಿಟ್ಟೂ ಬರುತ್ತಿತ್ತು. ಎರಡರಲ್ಲಿ ಸಿಟ್ಟು ಮೊದಲು ಕೈಗೆ ಸಿಕ್ಕಿತು, ಹುಟ್ಟುಗಳು ಬಾವಿಗೆ ಹೋದವು.

ಧರ್ಣಪ್ಪ ಬಾಟಲಿಯಿಂದ ಒಂದು ಗುಟುಕು ಕುಡಿದು ಮುಚ್ಚಳ ತಿರುಗಿಸಿದ.

"ಸಿಟ್ಟು ಮಾಡಿ ಆಗುದಿಲ್ಲ ಮಗಾ. ಇಲ್ಲಿ ನೆರೆಕರೆ ಎಲ್ಲಿ ಉಂಟು? ಮರ ಕಡಿಯುವವರು ಯಾರು, ಚಟ್ಟ ಕಟ್ಟುವವರು ಯಾರು, ಗಂಜಿ ಬೇಯಿಸುವವರು ಯಾರು? ಮನೆಯವರು ಅದಕ್ಕೆಲ್ಲ ಕೈ ಹಾಕ್ಲಿಕ್ಕೆ ಇಲ್ಲ. ನೆರೆಕರೆ ಇಲ್ಲದ ಕಡೆ ಹೆಣ ಸುಡುವ ಕ್ರಮ ನಮ್ಮಲ್ಲಿ ಇಲ್ಲ."

ಅವನ ಮಾತು ಸರಿಯಾಗಿತ್ತು. ಸಾವಿನ ಮನೆಯ ಕೆಲಸ ನೆರೆಕರೆಯದು. ಮನೆಯವರು ಅಳಬೇಕು, ನೆರೆಯವರು ದುಡಿಯಬೇಕು. ಆ ಮನೆಯ ಜಾಗದಲ್ಲೇ ಒಂದು ಮಾವಿನ ಮರ ಕಡಿಯುವುದರಿಂದ ಹಿಡಿದು ಸುಟ್ಟು ಬಂದವರ ಬಾಯಿಗೆ ಗಂಜಿ ಹೋಗುವ ತನಕ ಒಂದು ಕಡ್ಡಿಯನ್ನೂ ಮನೆಯವರು ಎತ್ತುವಂತಿಲ್ಲ. ಅಂಗಳದಲ್ಲಿ ಜನ ಇದ್ದರು, ಇಲ್ಲವೆಂದಲ್ಲ. ಮೊದಲು ಇದೇ ಕುದ್ರುವಿನಲ್ಲಿದ್ದು ಹೊಳೆಯ ನೆರೆಗೆ ಮನೆ ಮುಳುಗಿದ ನಂತರ ದಡಕ್ಕೆ ಹೋಗಿ ಮನೆ ಕಟ್ಟಿಕೊಂಡವರು ಸುದ್ದಿ ಕೇಳಿ ದಾಟಿ ಬಂದಿದ್ದರು. ಆದರೆ ಅವರು ಈಗ ದಡದವರು. ಯಜಮಾನ ಇಲ್ಲಿ ಎಂದರೆ ಇಲ್ಲಿ, ಅಲ್ಲಿ ಎಂದರೆ ಅಲ್ಲಿ ಎಂದು ಕೈ ಕಟ್ಟಿಕೊಂಡು ನಿಂತಿದ್ದರು.

ಧರ್ಣಪ್ಪ ಅಶೋಕನ ಕಡೆ ನೋಡಿ ಬಾವಿಯನ್ನು ತೋರಿಸಿದ. ಅಶೋಕ ಅಂಗಿ ಬಿಚ್ಚಿ, ಹಗ್ಗ ಹಿಡಿದು ಬಾವಿಗೆ ಇಳಿದ.

*

ಸೇಸಮ್ಮ ಕೋಣೆ ಬಾಡಿಗೆಗೆ ಕೊಡಬೇಕೆಂದು ಯೋಚಿಸಿ ಶುರು ಮಾಡಿದವಳಲ್ಲ. ಗಂಡ ಕಾಂತಪ್ಪ ಜನರನ್ನು ದಾಟಿಸುವ ಕಡವಿನ ದೋಣಿ ನಡೆಸುತ್ತಿದ್ದ ಕಾಲ. ಒಂದು ಸಂಜೆ ಹಕ್ಕಿ ನೋಡಲೆಂದು ಕುದ್ರುವಿಗೆ ಬಂದಿದ್ದ ಮಂಗಳೂರಿನ ಗಂಡ ಹೆಂಡತಿ ಇಬ್ಬರು ಕತ್ತಲೆಯಾದರೂ ಹಿಂದೆ ಹೋಗಲಾರದೆ ಉಳಿದರು. ಕಾಂತಪ್ಪ ಜ್ವರ ಬಂದು ಕಂಬಳಿಯೊಳಗೆ ನಡುಗುತ್ತಿದ್ದ. ಸೇಸಮ್ಮ ಜಗಲಿಯಲ್ಲಿ ಚಾಪೆ ಹಾಕಿ ಕೊಟ್ಟಳು, ಗಂಜಿ ಮತ್ತು ಒಣಮೀನಿನ ಚಟ್ನಿ ಬಡಿಸಿದಳು. ಆ ಹೆಂಗಸು ಚಟ್ನಿಯನ್ನು ಮೂರು ಸಲ ಹಾಕಿಸಿಕೊಂಡಳು.

ಬೆಳಿಗ್ಗೆ ಅವರು ಹೋದ ಮೇಲೆ ಬಟ್ಟಲಿನ ಅಡಿಯಲ್ಲಿ ನೋಟು ಸಿಕ್ಕಿತು. ಸೇಸಮ್ಮ ಓಡಿಹೋಗಿ ಅದನ್ನು ಹಿಂದೆ ಕೊಟ್ಟಳು ಎಂದು ಹೇಳಿದರೆ ಕೇಳುವವರಿಗೆ ಚಂದ. ಅವಳು ಕೊಡಲಿಲ್ಲ. ನೋಟನ್ನು ಬೆಳಕಿಗೆ ಹಿಡಿದು ನೋಡಿದಳು, ಸೊಂಟಕ್ಕೆ ಸಿಕ್ಕಿಸಿಕೊಂಡಳು, ಆ ದಿನವೇ ಗಂಡನಿಗೆ ಜಗಲಿಗೆ ಗೋಡೆ ಏರಿಸುವ ವಿಷಯ ಹೇಳಿದಳು. ಜ್ವರದಲ್ಲಿದ್ದ ಕಾಂತಪ್ಪ ಆಗಲಿ ಎಂದ. ಜ್ವರ ಇಳಿದ ಮೇಲೂ ಹಾಗೆಯೇ ಅಂದ. ಅವನು ಒಳ್ಳೆಯವನು.

ಧರ್ಣಪ್ಪನಿಗೆ ಸುದ್ದಿ ಮುಟ್ಟಿತು. ಅವರ ಮನೆತನದಲ್ಲಿ ಬಂದವರಿಗೆ ಅನ್ನ ಹಾಕುವುದು ದೊಡ್ಡಸ್ತಿಕೆ, ಅದಕ್ಕೆ ಹಣ ತೆಗೆದುಕೊಳ್ಳುವುದು ಅವಮಾನ. ಅವನು ದೋಣಿ ಹತ್ತಿ ಬಂದು ಅಂಗಳದಲ್ಲಿ ನಿಂತೇ ಹೇಳಿದ, ಅನ್ನ ಮಾರುವವಳ ಮನೆಯಲ್ಲಿ ಇನ್ನು ನೀರೂ ಮುಟ್ಟುವುದಿಲ್ಲ ಎಂದು. ಸೇಸಮ್ಮ ಮೀನು ಕೊಯ್ಯುತ್ತಿದ್ದಳು, ತಲೆ ಎತ್ತಲಿಲ್ಲ.

"ಅಣ್ಣ, ನೀನು ಅಡಿಕೆ ಮಾರ್ತೀ. ತಿಂದವ ಉಗಿದು ಹೋಗ್ತಾನೆ. ನನ್ನದು ತಿಂದವ ಹೊಟ್ಟೆ ತುಂಬಿ ನಿದ್ದೆ ಮಾಡ್ತಾನೆ. ಯಾರ ವ್ಯಾಪಾರ ಮರ್ಯಾದಿಯದ್ದು?"

ಅಂದಿನಿಂದ ಧರ್ಣಪ್ಪ ಕುದ್ರುವಿಗೆ ಕಾಲಿಡಲಿಲ್ಲ. ಆದರೆ ಅವನಿಗೆ ಇದ್ದವಳು ಒಬ್ಬಳೇ ತಂಗಿ. ಕುಟುಂಬದ ದೈವದ ಕೋಲಕ್ಕೆ, ಮದುವೆಗೆ, ಪಾಲು ಪಟ್ಟಿಗೆ ಅವಳ ಮಾತು ಬೇಕೇ ಬೇಕು. ಹಾಗಾಗಿ ಅವನು ದಡದ ತನಕ ಬಂದು ನಿಲ್ಲುತ್ತಿದ್ದ, ಅವಳು ಇಲ್ಲಿಯ ನೀರಿಗೆ ಇಳಿದು ನಿಲ್ಲುತ್ತಿದ್ದಳು. ಅಣ್ಣ ತಂಗಿ ಇಬ್ಬರೂ ಹೊಳೆಯ ಆಚೆ ಈಚೆ ನಿಂತು ಕೈಯನ್ನು ಬಾಯಿಗೆ ಅಡ್ಡ ಹಿಡಿದು ಬೊಬ್ಬೆ ಹೊಡೆದು ಮನೆಯ ಗುಟ್ಟುಗಳನ್ನು ಮಾತಾಡುತ್ತಿದ್ದರು. ಚಿತ್ರಾಳ ಮದುವೆ ಮುರಿದದ್ದು ಬಂಟ್ವಾಳಕ್ಕೆಲ್ಲ ಗೊತ್ತಾದದ್ದು ಹಾಗೆಯೇ. ಫೋನು ಬಂದ ಮೇಲೆ ಈ ಕಷ್ಟ ತಪ್ಪಬಹುದಿತ್ತು. ಆದರೆ ಫೋನಿನಲ್ಲಿ ಬೈದರೆ ಬೈದ ಹಾಗೆ ಆಗುವುದಿಲ್ಲ ಎಂದು ಇಬ್ಬರಿಗೂ ಅನಿಸುತ್ತಿತ್ತು.

ಜಗಲಿಯ ಕೋಣೆ ಒಂದಿದ್ದದ್ದು ಮೂರಾಯಿತು. ಕಾಂತಪ್ಪ ತೀರಿಕೊಂಡ. ಸೇಸಮ್ಮನ ಕಾನೂನುಗಳು ಮಾತ್ರ ಬದಲಾಗಲಿಲ್ಲ. ಏನುಂಟು ಎಂದು ಕೇಳಬಾರದು, ಮಾಡಿದ್ದನ್ನು ತಿನ್ನಬೇಕು. ಬಟ್ಟಲು ತಾವೇ ತೊಳೆಯಬೇಕು. ಅನ್ನ ಬಿಟ್ಟರೆ ಬೈಗುಳ. ಎಸಿ ಹಾಕಿಸಿ ಎಂದವರಿಗೆ ಕಿಟಕಿ ತೋರಿಸುತ್ತಿದ್ದಳು. ಯಾರೋ ಒಬ್ಬ ಬೆಂಗಳೂರಿನವನು ಇಂಟರ್ನೆಟ್ಟಿನಲ್ಲಿ ಎರಡೇ ನಕ್ಷತ್ರ ಕೊಟ್ಟು, ಇಲ್ಲಿ ಮೆನು ಇಲ್ಲ, ಮಾಲಕಿ ಬೈಯುತ್ತಾಳೆ ಎಂದು ಬರೆದಿದ್ದ. ಚಿತ್ರಾ ಓದಿ ಹೇಳಿದಾಗ ಸೇಸಮ್ಮ ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಸುಳ್ಳೇನೂ ಬರೆಯಲಿಲ್ಲವಲ್ಲ ಪಾಪ ಎಂದಳು.

*

ಅಶೋಕ ಬಾವಿಯೊಳಗೆ ಇಳಿದ ಹೊತ್ತಿಗೆ ಎರಡನೆಯ ಕೋಣೆಯಿಂದ ಅಬ್ದುಲ್ ರವೂಫ್ ಹೊರಗೆ ಬಂದ. ಕಲ್ಲಡ್ಕದವನು. ಸೌದಿಯ ದಮ್ಮಾಮಿನ ಒಂದು ಕಂಪನಿಯ ಮೆಸ್ಸಿನಲ್ಲಿ ಅರ್ಧ ಆಯುಷ್ಯ ಅಡುಗೆ ಮಾಡಿ, ಊರಿಗೆ ಬಂದ ಮೇಲೆ ಬೇರೆಯವರು ಬೇಯಿಸಿದ್ದನ್ನು ಕುಳಿತು ತಿನ್ನುವ ಆಸೆಯಿಂದ ವರ್ಷಕ್ಕೆರಡು ಸಲ ಹೆಂಡತಿ ಬೀಯಮ್ಮನನ್ನು ಕರೆದುಕೊಂಡು ಇಲ್ಲಿಗೆ ಬರುವವನು. ಬೆಳಿಗ್ಗೆ ಚಿತ್ರಾ ಕೂಗಿಕೊಂಡಾಗ ಮೊದಲು ಓಡಿ ಬಂದು ಸೇಸಮ್ಮನ ಕಣ್ಣು ಮುಚ್ಚಿಸಿದವಳು ಬೀಯಮ್ಮ. ಆಮೇಲೆ ಗಂಡ ಹೆಂಡತಿ ಇಬ್ಬರೂ, ಇದು ಅವರ ಮನೆಯ ಕ್ರಮದ ವಿಷಯ ಎಂದು ಕೋಣೆಯ ಒಳಗೇ ಕುಳಿತಿದ್ದರು.

ಅವನು ನೇರವಾಗಿ ಮಾವಿನ ಮರದ ಹತ್ತಿರ ಹೋದ.

"ಧರ್ಣಪ್ಪಣ್ಣ, ನೆರೆಕರೆ ಇಲ್ಲ ಅಂದ್ರಲ್ಲ. ನಾವು ಉಂಟಲ್ಲ."

ಧರ್ಣಪ್ಪ ಅವನನ್ನು ಮೇಲಿನಿಂದ ಕೆಳಗಿನ ತನಕ ನೋಡಿದ. "ನೀವು ದುಡ್ಡು ಕೊಟ್ಟು ಬಂದವರು. ದುಡ್ಡು ಕೊಟ್ಟವರು ನೆರೆಕರೆ ಆಗುದಿಲ್ಲ."

"ದುಡ್ಡು ಕೊಟ್ಟದ್ದು ಕೋಣೆಗೆ," ಎಂದ ರವೂಫ್. "ಬೈಗುಳ ತಿಂದದ್ದು ಪುಕ್ಕಟೆ. ಪುಕ್ಕಟೆ ಬೈಯುವಷ್ಟು ಸಲಿಗೆ ಹೊರಗಿನವರ ಮೇಲೆ ಯಾರಿಗೂ ಇರುದಿಲ್ಲ."

ಅಂಗಳದಲ್ಲಿ ಯಾರೋ ನಗುವನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ಧರ್ಣಪ್ಪ ಆ ಕಡೆ ನೋಡಿದ ಮೇಲೆ ಕೆಮ್ಮೂ ನಿಂತಿತು. ಅವನು ಮತ್ತೆ ಅದನ್ನೇ ಹೇಳಿದ, ಕಷ್ಟಕ್ಕೆ ಆದವರು ನೆರೆಕರೆ, ಸುಖಕ್ಕೆ ಬಂದವರಲ್ಲ ಎಂದ. ರವೂಫ್ ಏನೋ ಹೇಳಲು ಹೊರಟವನು ಬಿಟ್ಟುಬಿಟ್ಟ. ಹೇಳಬೇಕಾದದ್ದು ಅಲ್ಲಿದ್ದ ದಡದವರಿಗೆಲ್ಲ ಗೊತ್ತಿತ್ತು, ಧರ್ಣಪ್ಪನಿಗೊಬ್ಬನಿಗೆ ಗೊತ್ತಿರಲಿಲ್ಲ.

*

ಕೆಲವು ವರ್ಷಗಳ ಹಿಂದಿನ ದೊಡ್ಡ ನೆರೆಯಲ್ಲಿ ಹೊಳೆ ಕುದ್ರುವಿನ ಮೇಲೆಯೇ ಹರಿದಿತ್ತು. ಎಲ್ಲರನ್ನೂ ದೋಣಿಯಲ್ಲಿ ದಡಕ್ಕೆ ಸಾಗಿಸಿ ಶಾಲೆಯಲ್ಲಿ ಇರಿಸಿದರು. ನೀರು ಇಳಿದ ಮೇಲೆ ಸರಕಾರದವರು ದಡದಲ್ಲಿ ಜಾಗ ತೋರಿಸಿದರು. ಮನೆ ಮನೆಯೂ ಹಂಚು, ಬಾಗಿಲಿನ ದಾರಂದ, ಒರಳುಕಲ್ಲು ಹೊತ್ತುಕೊಂಡು ಅತ್ತ ಹೋಯಿತು. ಮಕ್ಕಳ ಶಾಲೆ, ಆಸ್ಪತ್ರೆ, ಬಸ್ಸು ಎಲ್ಲ ಹತ್ತಿರ. ಹೋದದ್ದರಲ್ಲಿ ತಪ್ಪು ಏನೂ ಇಲ್ಲ. ಸೇಸಮ್ಮನೂ ತಪ್ಪು ಎನ್ನಲಿಲ್ಲ. ತಾನು ಮಾತ್ರ ಹಿಂದೆ ಬಂದಳು.

ಕುದ್ರು ಖಾಲಿ ಮಾಡಿ ಎಂದು ಹೇಳಲು ಅಧಿಕಾರಿಗಳು ಬಂದಾಗ ಅವಳು ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಒಲೆ ಹುಡುಕುತ್ತಿದ್ದಳು. ಮೊದಲು ಊಟ ಮಾಡಿ, ಆಮೇಲೆ ಮಾತಾಡುವ ಎಂದಳು. ಒಲೆಯೇ ಇಲ್ಲದೆ ಊಟ ಎಲ್ಲಿಂದ ಎಂದು ಅವರಿಗೆ ಅರ್ಥವಾಗಲಿಲ್ಲ. ಕಾದರು. ತೆಂಗಿನ ಗರಿ ಉರಿಸಿ ಅವಳು ಮಾಡಿ ಹಾಕಿದ್ದನ್ನು ತಿಂದರು, ತಮ್ಮ ಬಟ್ಟಲು ತಾವೇ ತೊಳೆದರು. ಆಮೇಲೆ ಹೇಳಲು ಬಂದದ್ದನ್ನು ಹೇಳಲು ಅವರಿಗೆ ಯಾಕೋ ನಾಚಿಕೆಯಾಯಿತು.

ಆದರೆ ಕೆಸರು ನಾಚುವುದಿಲ್ಲ. ಮೂರೂ ಕೋಣೆಗಳಲ್ಲಿ ಕಿಟಕಿಯ ತನಕ ತುಂಬಿತ್ತು. ತಾಯಿ ಮಗಳು ಇಬ್ಬರೇ ಬುಟ್ಟಿಯಲ್ಲಿ ಹೊತ್ತು ಹಾಕುತ್ತಿದ್ದಾಗ ಒಂದು ಭಾನುವಾರ ದಡದಿಂದ ಕೂಗು ಕೇಳಿತು. ರವೂಫ್ ಹಾರೆ ಹಿಡಿದು ನಿಂತಿದ್ದ, ಬೀಯಮ್ಮ ತಲೆಯ ಮೇಲೆ ಅಕ್ಕಿಚೀಲ ಇಟ್ಟುಕೊಂಡಿದ್ದಳು. ಹಿಂದೆ, ಮೊದಲು ಎಂದೋ ಬಂದು ಉಳಿದು ಹೋದವರು, ಬೆಳ್ತಂಗಡಿಯ ಒಬ್ಬ ಟೈಲರು, ಮುಂಡಾಜೆಯ ಅಕ್ಕತಂಗಿಯರು, ಹೆಸರು ನೆನಪಿಲ್ಲದ ಇನ್ನೂ ಕೆಲವರು. ಸೇಸಮ್ಮ ಎಲ್ಲರನ್ನೂ ದೋಣಿಯಲ್ಲಿ ದಾಟಿಸಿದಳು. ಬಿಳಿ ಅಂಗಿ ಹಾಕಿಕೊಂಡು ಕೆಸರು ತೆಗೆಯಲು ಬಂದದ್ದಕ್ಕೆ ಟೈಲರಿಗೆ ಬೈದಳು. ಸಂಜೆ ಒಬ್ಬಳೇ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಳು. ಅದನ್ನು ಚಿತ್ರಾ ಒಬ್ಬಳೇ ಕೇಳಿದ್ದಳು.

*

ಮೂರನೆಯ ಕೋಣೆಯಲ್ಲಿದ್ದವರು ಹೊಸ ಮದುಮಕ್ಕಳು, ಮನ್ವಿತ್ ಮತ್ತು ದೀಕ್ಷಿತಾ. ನಿನ್ನೆ ತಾನೇ ಬಂದವರು. ದೀಕ್ಷಿತಾ ರಾತ್ರಿ ಅರ್ಧ ಅನ್ನ ಬಿಟ್ಟು ಸೇಸಮ್ಮನಿಂದ ಚೆನ್ನಾಗಿ ಬೈಸಿಕೊಂಡಿದ್ದಳು, ಬೆಳಿಗ್ಗೆಯೇ ಇಲ್ಲಿಂದ ಹೋಗಿಬಿಡುವ ಎಂದು ಗಂಡನ ಹತ್ತಿರ ಜಗಳ ಮಾಡಿದ್ದಳು. ಬೆಳಗಾಗುವಾಗ ಬೈದವಳೇ ಹೋಗಿಬಿಟ್ಟಿದ್ದಳು. ಈಗ ಅಂಗಳದಲ್ಲಿ ಎಲ್ಲರಿಗಿಂತ ಜೋರಾಗಿ ಅಳುತ್ತಿದ್ದವಳು ಅವಳೇ. ಯಾವ ಕಡೆಯ ಸಂಬಂಧ ಎಂದು ಧರ್ಣಪ್ಪನ ಜೊತೆ ಬಂದಿದ್ದ ವೇಣೂರಿನ ಹೆಂಗಸರು ಒಬ್ಬರನ್ನೊಬ್ಬರು ಕೇಳಿಕೊಂಡರು.

ಮನ್ವಿತ್‌ಗೆ ಹೆಂಡತಿಯ ಅಳು ನೋಡಲಾಗಲಿಲ್ಲ, ಸುಮ್ಮನೆ ನಿಲ್ಲಲೂ ಆಗಲಿಲ್ಲ. ಅವನು ಕಾಡುಮರಗಳ ಹಾಡಿಯ ಅಂಚಿನಲ್ಲಿದ್ದ ಇನ್ನೊಂದು ಮಾವಿನ ಮರವನ್ನು ನೋಡಿದ, ಸೌದೆ ಕೊಟ್ಟಿಗೆಯಿಂದ ಕೊಡಲಿ ತಂದ, ಯಾರನ್ನೂ ಕೇಳದೆ ಬುಡಕ್ಕೆ ಒಂದು ಏಟು ಹಾಕಿದ. ಮೂಡುಬಿದಿರೆಯ ಬ್ಯಾಂಕಿನಲ್ಲಿ ಕುಳಿತು ಕೆಲಸ ಮಾಡುವ ಹುಡುಗ. ಏಟು ಜಾರಿ ತೊಗಟೆ ಮಾತ್ರ ಎದ್ದಿತು. ಇನ್ನೊಂದು ಏಟು ಮೊದಲಿನದರಿಂದ ಒಂದು ಗೇಣು ಮೇಲೆ ಬಿತ್ತು. ಮೂರನೆಯದು ಎಲ್ಲಿಗೆ ಬೀಳುತ್ತದೆ ಎಂಬುದು ಅವನಿಗೂ ಗೊತ್ತಿರಲಿಲ್ಲ.

ಧರ್ಣಪ್ಪ ಬೇಡ ಎನ್ನಲಿಲ್ಲ. ಆಡಲಿ ಬಿಡಿ ಎಂಬ ಹಾಗೆ ಮುಖ ತಿರುಗಿಸಿದ.

ರವೂಫ್ ಅಷ್ಟರಲ್ಲಿ ಕೋಣೆಗಳ ಎದುರು ಮೂರು ಕಲ್ಲು ಹೂಡಿದ. ಮನೆಯ ಒಲೆ ಇವತ್ತು ಹೊತ್ತಿಸುವಂತಿಲ್ಲ, ಅಂಗಳದ ಒಲೆಗೆ ಆ ನಿಷೇಧ ಇಲ್ಲ. ಬೀಯಮ್ಮ ಚಿತ್ರಾಳನ್ನು ಕೇಳಿ ದೊಡ್ಡ ಪಾತ್ರೆ ಹೊರಗೆ ತಂದಳು, ಕುಚ್ಚಲಕ್ಕಿ ತೊಳೆದಳು. ತನ್ನ ಕೈಯ ಗಂಜಿ ಇವರು ಕುಡಿಯುತ್ತಾರೋ ಇಲ್ಲವೋ ಎಂಬ ಅನುಮಾನ ಅವಳಿಗೆ ಇತ್ತು. ಹೊಗೆಗೆ ಕಣ್ಣು ಕಿರಿದು ಮಾಡಿಕೊಂಡು ರವೂಫ್ ಹೇಳಿದ, ಕುಡಿಯದಿದ್ದರೆ ನಾವೇ ಕುಡಿಯುವ, ಬೇಯುವುದು ಮಾತ್ರ ಬೇಯಲಿ ಎಂದು.

ಕೊಡಲಿಯ ಏಟು ಹಾಗೇ ಬೀಳುತ್ತಿತ್ತು, ಒಂದು ಇಲ್ಲಿ, ಒಂದು ಅಲ್ಲಿ. ದಡದವರ ಗುಂಪಿನಲ್ಲಿ ತನಿಯಪ್ಪ ಎಂಬ ಮುದುಕ ಇದ್ದ. ಹಿಂದೆ ಸೇಸಮ್ಮನ ಪಕ್ಕದ ಮನೆಯವನು, ಪ್ರಾಯದಲ್ಲಿ ಮರ ಕಡಿಯುವ ಕೆಲಸದಲ್ಲೇ ಇದ್ದವನು. ಅವನು ಮೊದಲು ಕತ್ತು ಉದ್ದ ಮಾಡಿ ನೋಡಿದ. ಆಮೇಲೆ ನೋಡಬಾರದು ಎಂದು ಹೊಳೆಯ ಕಡೆ ತಿರುಗಿ ನಿಂತ. ನೋಡದಿದ್ದರೂ ಕಿವಿಗೆ ಬೀಳುತ್ತಿತ್ತಲ್ಲ, ಒಂದೊಂದು ತಪ್ಪು ಏಟಿಗೂ ಅವನ ಭುಜ ತಾನಾಗಿ ಹಾರುತ್ತಿತ್ತು. ಕೊನೆಗೆ ಮರ ಸಣ್ಣಗೆ ಕರಕರ ಎಂದಿತು. ತನಿಯಪ್ಪ ತಿರುಗಿ ನೋಡಿದರೆ ಅದು ವಾಲುತ್ತಿದ್ದದ್ದು ಸೇಸಮ್ಮನ ಕೋಣೆಗಳ ಮಾಡಿನ ಕಡೆಗೆ.

"ಓ ಮಾರಾಯ, ಮನೆಯ ಮೇಲೆ ಹಾಕ್ತೀಯಲ್ಲ. ತಾ ಇಲ್ಲಿ."

ಕೊಡಲಿ ಅವನ ಕೈಗೆ ಬಂತು. ಅವನು ಮರಕ್ಕೆ ಒಂದು ಸುತ್ತು ಬಂದು, ಪಂಚೆ ಎತ್ತಿ ಕಟ್ಟಿ, ಆಚೆ ಬದಿಯಿಂದ ಬೀಸಿದ. ಹಗ್ಗ ಹಗ್ಗ ಎಂದು ಕೂಗಿದ. ಆ ಕೂಗು ಯಾರಿಗೆ ಎಂದು ಹೇಳಿರಲಿಲ್ಲ. ಕೈ ಕಟ್ಟಿಕೊಂಡು ನಿಂತಿದ್ದವರಲ್ಲಿ ಇಬ್ಬರು ಓಡಿದರು. ಹಗ್ಗ ಎಳೆಯಲು ಮತ್ತೆ ನಾಲ್ಕು ಜನ ಬೇಕಾಯಿತು. ಮರ ಹಾಡಿಯ ಕಡೆಗೆ ಬಿದ್ದು ಧೂಳು ಎದ್ದಾಗ, ಬಿದಿರು ತರಬೇಕಲ್ಲ ಎಂದು ಯಾರೋ ನೆನಪಿಸಿದರು. ಕತ್ತಿ ಹಿಡಿದು ಮೂರು ಮಂದಿ ಬಿದಿರು ಮೆಳೆಗೆ ಹೋದರು. ಉಳಿದವರು ಚಿತೆಗೆ ಜಾಗ ಎಲ್ಲಿ ಎಂದು ಚಿತ್ರಾಳನ್ನು ಕೇಳಿದರು. ಅವಳು ಹೊಳೆಯ ಬದಿಯ ಎತ್ತರದ ದಿಣ್ಣೆ ತೋರಿಸಿದಳು. ಯಜಮಾನನನ್ನು ಕೇಳಬೇಕಿತ್ತು ಎಂಬುದು ಅವರಿಗೆ ಆಮೇಲೆ ನೆನಪಾಯಿತು, ಆಗ ಅರ್ಧ ಸೌದೆ ಅಲ್ಲಿಗೆ ಹೋಗಿ ಆಗಿತ್ತು.

ಅಶೋಕ ಬಾವಿಯಿಂದ ಮೇಲೆ ಬಂದದ್ದು ಆಗ. ಮೈಯೆಲ್ಲ ಪಾಚಿ, ಹೆಗಲ ಮೇಲೆ ಎರಡು ಹುಟ್ಟು. ಅವನು ಬಾವಿಗಿಳಿಯುವಾಗ ಇದ್ದ ಅಂಗಳವೇ ಬೇರೆ. ಈಗ ಮರ ಬಿದ್ದಿತ್ತು, ಚಟ್ಟ ಕಟ್ಟುತ್ತಿದ್ದರು, ಗಂಜಿಯ ಪಾತ್ರೆ ಕುದಿಯುತ್ತಿತ್ತು. ಟೈ ಕಟ್ಟುವ ಮುಖದ ಯಾವನೋ ಒಬ್ಬ ಹುಡುಗ ಅಂಗೈಯ ಬೊಕ್ಕೆಗಳಿಗೆ ಹೆಂಡತಿಯಿಂದ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದ.

ಧರ್ಣಪ್ಪ ಎದ್ದು ನಿಂತ. ಹುಟ್ಟು ಸಿಕ್ಕಿತಲ್ಲ, ದೋಣಿ ಸರಿ ಮಾಡು ಎಂದ.

ಅಶೋಕ ಅಕ್ಕನ ಮುಖ ನೋಡಿದ. ಬಾವಿಯ ತಳದಲ್ಲಿ ತಣ್ಣಗಿನ ನೀರಿನಲ್ಲಿ ಕುತ್ತಿಗೆಯ ತನಕ ಮುಳುಗಿ, ಕಲ್ಲಿನ ಸಂದಿಗೆ ಸಿಕ್ಕಿಕೊಂಡ ಹುಟ್ಟು ಬಿಡಿಸುತ್ತಿದ್ದಾಗ ಮೇಲೆ ಕೊಡಲಿಯ ಸದ್ದು ಕೇಳಿ, ಅಮ್ಮನಿಗೆ ಯಾರೋ ಮರ ಕಡಿಯುತ್ತಿದ್ದಾರೆ, ಮಗನಾದ ತಾನು ಹುಟ್ಟು ಎಳೆಯುತ್ತಿದ್ದೇನೆ ಎಂದು ಅವನಿಗೆ ಅನಿಸಿತ್ತು. ಅವನು ಹುಟ್ಟುಗಳನ್ನು ಗೋಡೆಗೆ ಒರಗಿಸಿದ.

"ಮಾವ, ನೆರೆಕರೆ ಬಂತಲ್ಲ," ಎಂದ. "ಅಮ್ಮನನ್ನು ಇಲ್ಲೇ ಸುಡುವ. ಬೆಂಕಿ ಇಡುವವ ನಾನು. ಬೇರೆ ಕಡೆ ಆದರೆ ನಾನು ಇಡುದಿಲ್ಲ."

ಧರ್ಣಪ್ಪ ಮತ್ತೆ ಆ ಕಲ್ಲಿನ ಮೇಲೆ ಕುಳಿತ. ಬಾಟಲಿಯ ನೀರು ಮುಗಿದಿತ್ತು.

*

ಬಿಸಿಲು ಇಳಿಯುವ ಹೊತ್ತಿಗೆ ಸೇಸಮ್ಮನನ್ನು ಎತ್ತಿದರು. ಮುಂದಿನ ಹೆಗಲು ಅಶೋಕನದು ಮತ್ತು ತನಿಯಪ್ಪನದು, ಹಿಂದಿನದು ಮನ್ವಿತ್‌ನದು ಮತ್ತು ಇನ್ನೊಬ್ಬ ದಡದವನದು. ರವೂಫ್ ಚಟ್ಟ ಮುಟ್ಟಲಿಲ್ಲ, ತಲೆಗೆ ವಸ್ತ್ರ ಸುತ್ತಿಕೊಂಡು ಹಿಂದೆ ನಡೆದ. ಚಿತೆಯ ಹತ್ತಿರ ಇಳಿಸಿದಾಗ ಧರ್ಣಪ್ಪ ತಂಗಿಯ ಬಾಯಿಗೆ ತುಳಸಿ ಹಾಕಿದ ಹೊಳೆಯ ನೀರು ಬಿಟ್ಟ, ತಂದಿದ್ದ ಬಿಳಿ ಬಟ್ಟೆ ಹೊದೆಸಿದ. ಅವನ ಕೈ ಸ್ವಲ್ಪ ಹೆಚ್ಚು ಹೊತ್ತು ಅಲ್ಲೇ ಇತ್ತು. ಅವನು ಅವಳನ್ನು ಇಷ್ಟು ಹತ್ತಿರದಿಂದ ನೋಡದೆ ಎಷ್ಟೋ ವರ್ಷ ಆಗಿತ್ತು. ಹೊಳೆಯ ಆಚೆಯಿಂದ ಅವಳು ಇಷ್ಟು ಸಣ್ಣವಳು ಎಂದು ಗೊತ್ತಾಗುತ್ತಿರಲಿಲ್ಲ.

ಚಿತೆ ಹತ್ತಿತು. ಚಿತ್ರಾ ಆಗ ಅತ್ತಳು. ಬೀಯಮ್ಮ ಅವಳನ್ನು ಹಿಡಿದುಕೊಂಡಳು.

ಹೊಳೆಯಲ್ಲಿ ಮುಳುಗಿ ಬಂದವರು ಅಂಗಳದಲ್ಲಿ ಸಾಲಾಗಿ ಕುಳಿತರು. ಒಂದು ಗಳಿಗೆ ಯಾರೂ ಬಟ್ಟಲಿಗೆ ಕೈ ಚಾಚಲಿಲ್ಲ. ತನಿಯಪ್ಪ ಮೊದಲು ಎತ್ತಿ ಕುಡಿದ, ಉಪ್ಪು ಸ್ವಲ್ಪ ಕಡಿಮೆ ಎಂದ. ಸೇಸಮ್ಮ ಇದ್ದಿದ್ದರೆ ಈ ಮಾತಿಗೆ ಏನು ಹೇಳುತ್ತಿದ್ದಳು ಎಂದು ಯೋಚಿಸಿ ಎಲ್ಲರಿಗೂ ನಗು ಬಂತು, ನಕ್ಕ ಮೇಲೆ ಎಲ್ಲರೂ ಕುಡಿದರು. ಧರ್ಣಪ್ಪನಿಗೂ ಚಿತ್ರಾ ಒಂದು ಬಟ್ಟಲು ಕೊಂಡುಹೋದಳು. ಅವನು ಬೇಡ ಎಂದು ತಲೆಯಾಡಿಸಿದ. ಅವಳು ಒತ್ತಾಯ ಮಾಡಲಿಲ್ಲ. ಅಮ್ಮನೂ ಮಾಡುತ್ತಿರಲಿಲ್ಲ. ತನ್ನನ್ನು ದಡಕ್ಕೆ ಬಿಡಲು ಯಾರಿಗಾದರೂ ಹೇಳು ಎಂದಷ್ಟೇ ಅವನು ಹೇಳಿದ.

ಅದೇ ಹೊತ್ತಿಗೆ ದಡದಿಂದ ಕೂಗು ಕೇಳಿತು. ಹಾಸನದ ಕಡೆಯ ಒಂದು ಕುಟುಂಬ ಇವತ್ತು ಸಂಜೆಗೆ ಬರುತ್ತೇವೆ ಎಂದು ತಿಂಗಳ ಹಿಂದೆಯೇ ಹೇಳಿತ್ತು. ಈ ಗಲಾಟೆಯಲ್ಲಿ ಎಲ್ಲರಿಗೂ ಮರೆತುಹೋಗಿತ್ತು. ಅಶೋಕ ಗಾಬರಿಯಾಗಿ, ಸೂತಕ ಉಂಟು, ಹದಿಮೂರು ದಿನವಾದರೂ ಯಾರೂ ಬೇಡ ಎಂದು ಹೇಳಿ ಕಳಿಸುವ ಎಂದ. ವೇಣೂರಿನ ಹೆಂಗಸರು ಹೌದೌದು ಎಂದರು. ಚಿತ್ರಾ ಒದ್ದೆ ಸೀರೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಮಾವ, ಬನ್ನಿ, ನಾನೇ ಬಿಡ್ತೇನೆ," ಎಂದು ದೋಣಿ ಬಿಚ್ಚಿದಳು.

ದಾಟುವಾಗ ಧರ್ಣಪ್ಪ ಕುದ್ರುವಿಗೆ ಬೆನ್ನು ಹಾಕಿ ಕುಳಿತಿದ್ದ. ದೋಣಿ ದಡಕ್ಕೆ ತಾಗಿದಾಗ ಅವನು ಯಾರ ಕೈಯನ್ನೂ ಹಿಡಿಯದೆ ಇಳಿದ. ಅಲ್ಲಿ ಗಂಡ, ಹೆಂಡತಿ, ಎರಡು ಮಕ್ಕಳು, ಕೋಲು ಹಿಡಿದ ಒಬ್ಬಳು ಅಜ್ಜಿ, ಚೀಲಗಳೊಂದಿಗೆ ನಿಂತಿದ್ದರು. ಅಲ್ಲಿ ಹೊಗೆ ಏನು ಎಂದು ಮಗು ಕೇಳಿತು.

"ಅದು ನನ್ನ ಅಮ್ಮನ ಚಿತೆ," ಎಂದಳು ಚಿತ್ರಾ. "ಇವತ್ತು ಬೆಳಿಗ್ಗೆ ತೀರಿಕೊಂಡರು. ನಿಮಗೆ ಬೇಡ ಅಂತ ಕಂಡರೆ ಬಿ.ಸಿ.ರೋಡಿನಲ್ಲಿ ಲಾಡ್ಜ್ ಉಂಟು, ನಾನು ಬೇಸರ ಮಾಡುದಿಲ್ಲ. ಬರುದಾದ್ರೆ ಗಂಜಿ ಉಂಟು, ಚಟ್ನಿ ಮಾಡ್ತೇನೆ. ಇವತ್ತು ಮೀನು ಇಲ್ಲ. ಬಟ್ಟಲು ನೀವೇ ತೊಳಿಬೇಕು."

ಗಂಡ ಹೆಂಡತಿ ಒಬ್ಬರನ್ನೊಬ್ಬರು ನೋಡಿಕೊಂಡರು. ಅಜ್ಜಿ ಯಾರನ್ನೂ ನೋಡಲಿಲ್ಲ. ಒಲೆ ಹೊತ್ತಿಸಲಾಗದ ಮನೆಯಲ್ಲಿ ಈ ಹುಡುಗಿಯನ್ನು ಒಬ್ಬಳೇ ಬಿಡುವುದುಂಟೇ ಎಂದು ಸೊಸೆಗೆ ಹೇಳಿ, ಕೋಲು ಊರಿಕೊಂಡು ನೀರಿಗೆ ಇಳಿದಳು. ಕಾಲು ಎತ್ತಿ ದೋಣಿಯಲ್ಲಿ ಇಟ್ಟದ್ದೇ ದೋಣಿ ಅತ್ತ ವಾಲಿತು, ಚಿತ್ರಾ ಹುಟ್ಟು ಬಿಟ್ಟು ಏಳಲಾರದೆ ಕೂಗಿದಳು. ಅಜ್ಜಿ ಬೀಳಲಿಲ್ಲ. ಹೋಗುತ್ತಿದ್ದ ಧರ್ಣಪ್ಪ ಹಿಂದೆ ಬಂದು, ಚಪ್ಪಲಿಯೊಂದಿಗೇ ನೀರಿಗೆ ಇಳಿದು, ದೋಣಿಯ ಅಂಚನ್ನು ಎರಡೂ ಕೈಗಳಿಂದ ಒತ್ತಿ ಹಿಡಿದಿದ್ದ.

ಅಜ್ಜಿ ಕುಳಿತಳು. ಮಕ್ಕಳು ಹತ್ತಿದರು, ಅವರ ತಂದೆ ತಾಯಿ ಹತ್ತಿದರು, ಚೀಲಗಳು ಬಂದವು. ಅವನು ಒಬ್ಬೊಬ್ಬರೂ ಕುಳಿತುಕೊಳ್ಳುವ ತನಕ ಹಿಡಿದ ಕೈ ಬಿಡಲಿಲ್ಲ, ಚಿತ್ರಾಳ ಮುಖವನ್ನೂ ನೋಡಲಿಲ್ಲ. ಇಸ್ತ್ರಿಯ ಪಂಚೆ ಸೊಂಟದ ತನಕ ಒದ್ದೆಯಾಗಿ ಕಾಲಿಗೆ ಅಂಟಿಕೊಂಡಿತ್ತು. ಕೊನೆಯ ಚೀಲವನ್ನು ಮಗುವಿನ ಮಡಿಲಿಗೆ ಸರಿಸಿ, ಅವನು ಇನ್ನೂ ಎರಡು ಹೆಜ್ಜೆ ಆಳಕ್ಕೆ ಹೋಗಿ, ಹೊಗೆ ಏಳುತ್ತಿದ್ದ ಕುದ್ರುವಿನ ಕಡೆಗೆ ದೋಣಿಯನ್ನು ಬಲವಾಗಿ ನೂಕಿದ.